ಮೇಜಿನ ಮೇಲಿನ ರೈಲುದಾರಿ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಮಣ್ಣೂರ ಭೀಮಾನದಿಯ ಬಯಲಿನ ಊರು. ಈ ಊರಿಗೆ ರೈಲಿಲ್ಲ. ಆದರೆ ಅದರ ಎರಡು ದಿಕ್ಕಿಗೂ ಕೆಲವು ಹರದಾರಿಗಳ ಆಚೆ ಎರಡು ಹಳೆಯ ರೈಲುದಾರಿಗಳು ಹಾದುಹೋಗಿವೆ. ಉತ್ತರದ ದಾರಿ ಸೊಲ್ಲಾಪುರದಿಂದ ದುಧನಿ, ಗಾಣಗಾಪುರ ರೋಡ್, ಕಲಬುರಗಿಗಳನ್ನು ಹಾದು ವಾಡಿಯ ಕಡೆಗೆ ಸಾಗುತ್ತದೆ. 1871ರಲ್ಲಿ ರಾಯಚೂರನ್ನು ಮುಟ್ಟಿ, ಮುಂಬಯಿ ಮತ್ತು ಮದರಾಸುಗಳನ್ನು ಕೂಡಿಸಿದ ಬ್ರಾಡ್‌ಗೇಜ್ ದಾರಿ ಇದೇ. ಪಶ್ಚಿಮದ ದಾರಿ ಇಂಡಿ, ವಿಜಯಪುರ, ಬಾಗಲಕೋಟೆಗಳ ಮೂಲಕ ಗದಗಕ್ಕೆ ಇಳಿಯುತ್ತದೆ. 1884ರಲ್ಲಿ ಅದು ಮೀಟರ್‌ಗೇಜ್ ಆಗಿ ಆರಂಭವಾಯಿತು. ಈ ಎರಡು ದಾರಿಗಳು ಸೊಲ್ಲಾಪುರದ ಬಳಿಯ ಹೊಟಗಿಯಲ್ಲಿ ಕೂಡುತ್ತವೆ. ಒಂದರ ಹಳಿಗಳ ನಡುವಣ ಅಂತರ 1,676 ಮಿಲಿಮೀಟರ್. ಇನ್ನೊಂದರದು ಸರಿಯಾಗಿ ಒಂದು ಮೀಟರ್. ಒಂದರ ಬಂಡಿ ಇನ್ನೊಂದರ ಮೇಲೆ ಓಡಲಾರದು. ಹೀಗೆ ಎರಡು ಗೇಜುಗಳು ಸಂಧಿಸುವ ಕಡೆಗಳಲ್ಲಿ ಸರಕನ್ನು ಒಂದರಿಂದ ಇಳಿಸಿ ಮತ್ತೊಂದಕ್ಕೆ ಹೇರಬೇಕಾಗಿತ್ತು.

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಗದಗದ ದಾರಿಯೂ ಬ್ರಾಡ್‌ಗೇಜ್ ಆಯಿತು. ಪ್ರಯಾಣಿಕರಿಗೆ ಅನುಕೂಲವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಸಣ್ಣ ಹಳಿಗಳು, ಅವುಗಳ ಮೇಲೆ ಓಡುತ್ತಿದ್ದ ಉಗಿಬಂಡಿಗಳು, ಕೈಯನ್ನು ಬಾಗಿಸಿ ದಾರಿಬಿಡುತ್ತಿದ್ದ ಸಿಗ್ನಲ್ ಕಂಬಗಳು ಕಣ್ಮರೆಯಾದವು. ಒಂದೆರಡು ಎಂಜಿನ್‌ಗಳನ್ನು ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯದಂಥ ಕಡೆ ನಿಲ್ಲಿಸಬಹುದು. ಇಡೀ ನಿಲ್ದಾಣವನ್ನೇ ತಂದಿಡಲಾಗುವುದಿಲ್ಲ. ಕಳೆದುಹೋದ ನಿಲ್ದಾಣವೊಂದನ್ನು ಅದರ ಬಂಡಿಗಳು ಓಡುತ್ತಿರುವಂತೆಯೇ ನೋಡಬೇಕೆಂದರೆ ಅದನ್ನು ಕಿರಿದುಮಾಡಿ ಮತ್ತೆ ಕಟ್ಟುವುದೊಂದೇ ಮಾರ್ಗ. ಜಗತ್ತಿನ ಅನೇಕ ದೇಶಗಳಲ್ಲಿ ಹವ್ಯಾಸಿಗಳು ಬಿಡುವಿನ ವೇಳೆಯಲ್ಲಿ ಮಾಡುತ್ತಿರುವುದು ಈ ಕೆಲಸವನ್ನೇ. ಹಲಗೆಯ ಮೇಲೆ ಹಳಿ, ನಿಲ್ದಾಣ, ಗುಡ್ಡ, ಹೊಲಗಳನ್ನೆಲ್ಲ ಕೂಡಿಸಿ ಕಟ್ಟಿದ ಈ ಪುಟ್ಟ ಲೋಕವನ್ನು ಅವರು ‘ಲೇಔಟ್’ ಎಂದು ಕರೆಯುತ್ತಾರೆ.

ಆಟಿಕೆಯ ರೈಲು ಹೊಸದಲ್ಲ. ಜರ್ಮನಿಯ ಮಾರ್ಕ್ಲಿನ್ ಕಂಪನಿಯು 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ 8ರ ಆಕಾರದ ಹಳಿಯ ಮೇಲೆ ಓಡುವ ರೈಲನ್ನು ಪ್ರದರ್ಶಿಸಿತು. ಒಂದೇ ಅಳತೆಯ ಹಳಿ, ಒಂದೇ ಅಳತೆಯ ಗಾಡಿಗಳು. ಇಂದು ಒಂದು ತುಂಡು ಕೊಂಡರೆ ಮುಂದಿನ ವರ್ಷ ಇನ್ನೊಂದನ್ನು ಕೊಂಡು ಜೋಡಿಸಬಹುದು. ಲೇಔಟನ್ನು ಬೆಳೆಸುತ್ತ ಹೋಗುವ ಗೀಳು ಹುಟ್ಟಿದ್ದು ಈ ಉಪಾಯದಿಂದ. ಆದರೆ ಆಟಿಕೆಗೂ ಮಾದರಿಗೂ ವ್ಯತ್ಯಾಸವಿದೆ. ಆಟಿಕೆ ಓಡಿದರೆ ಸಾಕು. ಮಾದರಿ ಅಳತೆಗೆ ನಿಷ್ಠವಾಗಿರಬೇಕು.

ಇಂದು ಹೆಚ್ಚು ಬಳಕೆಯಲ್ಲಿರುವುದು 1:87ರ ಪ್ರಮಾಣ. ಇದಕ್ಕೆ ‘ಎಚ್‌ಓ’ ಎಂದು ಹೆಸರು. ಎಂದರೆ ನಿಜವಾದ ವಸ್ತುವಿನ 87 ಮಿಲಿಮೀಟರ್ ಮಾದರಿಯಲ್ಲಿ ಒಂದು ಮಿಲಿಮೀಟರ್ ಆಗುತ್ತದೆ. ಆಳೆತ್ತರದ ಮನುಷ್ಯ ಎರಡು ಸೆಂಟಿಮೀಟರಿಗೂ ಕಡಿಮೆ. ಲೆಕ್ಕ ಸುಲಭವೆಂದು ತೋರುತ್ತದೆ; ಆದರೆ ಹೊಟಗಿಯ ಹಳೆಯ ನಿಲ್ದಾಣವನ್ನು ಈ ಪ್ರಮಾಣದಲ್ಲಿ ಕಟ್ಟಲು ಹೊರಟವನಿಗೆ ಮೊದಲ ದಿನವೇ ತೊಡಕು ಎದುರಾಗುತ್ತದೆ. ಅಂಗಡಿಯಲ್ಲಿ ದೊರೆಯುವ ಎಚ್‌ಓ ಹಳಿಯ ಅಂತರ 16.5 ಮಿಲಿಮೀಟರ್. ಯುರೋಪು, ಅಮೆರಿಕಗಳ 1,435 ಮಿಲಿಮೀಟರ್ ಗೇಜನ್ನು 87ರಿಂದ ಭಾಗಿಸಿದರೆ ಬರುವುದು ಈ ಸಂಖ್ಯೆ. ಭಾರತದ ಬ್ರಾಡ್‌ಗೇಜನ್ನು ಹಾಗೆ ಭಾಗಿಸಿದರೆ 19.3 ಬರುತ್ತದೆ. ಕೊಂಡ ಹಳಿಯ ಮೇಲೆ ನಮ್ಮ ಎಂಜಿನನ್ನು ಕೂರಿಸಿದರೆ, ಅಗಲವಾದ ಮೈಗೆ ಕಾಲುಗಳು ಒತ್ತಾಗಿ ಕೂಡಿಕೊಂಡಂತೆ ಕಾಣುತ್ತದೆ. ಮೀಟರ್‌ಗೇಜಿನ ಪಾಡು ಇದಕ್ಕಿಂತ ಮೇಲು: ಅದಕ್ಕೆ ಬೇಕಾದದ್ದು 11.5 ಮಿಲಿಮೀಟರ್, ಪೇಟೆಯಲ್ಲಿ ಸಿಗುವುದು 12. ಅರ್ಧ ಮಿಲಿಮೀಟರನ್ನು ಯಾವ ಕಣ್ಣೂ ಗುರುತಿಸದು. ನಾಡಿನಿಂದ ಹೆಚ್ಚುಕಡಿಮೆ ಅಳಿದುಹೋದ ಗೇಜನ್ನೇ ಮೇಜಿನ ಮೇಲೆ ಸರಿಯಾಗಿ ಮೂಡಿಸುವುದು ಸುಲಭ ಎಂಬುದು ವಿಚಿತ್ರವಾದ ಸಂಗತಿ.

ಬ್ರಾಡ್‌ಗೇಜಿನ ವಿಷಯದಲ್ಲಿ ಹವ್ಯಾಸಿಗಳು ಎರಡು ಪಂಥವಾಗುತ್ತಾರೆ. ಮೂರು ಮಿಲಿಮೀಟರಿನ ಸುಳ್ಳನ್ನು ಸಹಿಸಿಕೊಂಡು ಸಿಕ್ಕ ಹಳಿಯ ಮೇಲೆ ರೈಲು ಓಡಿಸುವವರು ಬಹುಮಂದಿ. ಇನ್ನು ಕೆಲವರು ತಾಮ್ರದ ಲೇಪವುಳ್ಳ ಕಿರುಪಟ್ಟಿಗಳನ್ನು ಸ್ಲೀಪರುಗಳಂತೆ ಸಾಲಾಗಿಟ್ಟು, ಅವುಗಳ ಮೇಲೆ ಹಳಿಗಳನ್ನು ಒಂದೊಂದಾಗಿ ಬೆಸೆಯುತ್ತಾರೆ. ಒಂದು ಮೀಟರ್ ದಾರಿಗೆ ಎಷ್ಟು ಸಂಜೆಗಳು ಹಿಡಿಯುತ್ತವೆಂಬುದನ್ನು ಅವರು ಎಣಿಸುವುದಿಲ್ಲ. ಇಂಗ್ಲೆಂಡಿನಲ್ಲಿಯೂ ಇದೇ ಜಗಳ ಬಹುಕಾಲದಿಂದ ನಡೆದಿದೆ. ಅಲ್ಲಿ 1:76ರ ಪ್ರಮಾಣದ ಬಂಡಿಗಳನ್ನು 16.5 ಮಿಲಿಮೀಟರಿನ ಹಳಿಯ ಮೇಲೆಯೇ ಓಡಿಸುವ ರೂಢಿ ಬೇರೂರಿದೆ.

ಉದ್ದದ ಪ್ರಶ್ನೆ ಇನ್ನೂ ಕಠಿಣ. ನಿಜವಾದ ಒಂದು ಕಿಲೋಮೀಟರ್ ಮಾದರಿಯಲ್ಲಿ ಹನ್ನೊಂದೂವರೆ ಮೀಟರ್ ಆಗುತ್ತದೆ. ಇಪ್ಪತ್ತು ಡಬ್ಬಿಗಳ ಎಕ್ಸ್‌ಪ್ರೆಸ್ ರೈಲು ಸುಮಾರು ಐದು ಮೀಟರ್ ಆಗುತ್ತದೆ. ಮನೆಯ ಕೋಣೆಯಲ್ಲಿ ಅದು ತಲೆ ತಿರುಗಿಸುವಷ್ಟರಲ್ಲಿ ತನ್ನ ಬಾಲವನ್ನೇ ಕಚ್ಚೀತು. ನಮ್ಮ ಬ್ರಾಡ್‌ಗೇಜಿನ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯ ಸುಮಾರು 175 ಮೀಟರ್. ಅದನ್ನು ಯಥಾವತ್ತಾಗಿ ಇಳಿಸಿದರೆ ಎರಡು ಮೀಟರ್ ತ್ರಿಜ್ಯ, ಎಂದರೆ ನಾಲ್ಕು ಮೀಟರ್ ಅಗಲದ ವೃತ್ತ ಬೇಕು. ಮನೆಗಳಲ್ಲಿ ಅರ್ಧ ಮೀಟರಿಗೂ ಕಡಿಮೆ ತ್ರಿಜ್ಯದ ತಿರುವುಗಳೇ ಸಾಮಾನ್ಯ. ಆದ್ದರಿಂದ ಜಾಣರು ತಿರುವನ್ನು ಗುಡ್ಡದ ಹಿಂದೆ ಮರೆಮಾಡುತ್ತಾರೆ, ಇಪ್ಪತ್ತರ ಬದಲು ಏಳು ಡಬ್ಬಿ ಜೋಡಿಸುತ್ತಾರೆ, ಪ್ಲಾಟ್‌ಫಾರಮನ್ನೂ ಅದೇ ಪ್ರಮಾಣದಲ್ಲಿ ಮೊಟಕುಮಾಡುತ್ತಾರೆ. ಏನನ್ನು ಬಿಡಬೇಕೆಂಬ ವಿವೇಚನೆಯಲ್ಲಿಯೇ ಹವ್ಯಾಸಿಯ ಪರಿಣತಿ ಕಾಣುತ್ತದೆ.

ಏರಿಳಿತವೂ ಹಾಗೆಯೇ. ಒಂದು ದಾರಿ ಇನ್ನೊಂದರ ಮೇಲೆ ಹಾದುಹೋಗಬೇಕಾದರೆ ಸುಮಾರು ಎಂಟು ಸೆಂಟಿಮೀಟರ್ ಎತ್ತರಕ್ಕೆ ಏರಬೇಕು. ಕ್ಯಾಸಲ್‌ರಾಕಿನಿಂದ ಗೋವೆಯ ಕಡೆಗೆ ಇಳಿಯುವ ಕಡಿದಾದ ಘಟ್ಟದ ದಾರಿಯಲ್ಲಿ 37 ಮೀಟರಿಗೆ ಒಂದು ಮೀಟರ್ ಏರು. ಅದನ್ನೇ ಅನುಸರಿಸಿದರೂ ಎಂಟು ಸೆಂಟಿಮೀಟರ್ ಏರಲು ಮೂರು ಮೀಟರ್ ದಾರಿ ಬೇಕು. ಅಷ್ಟು ಜಾಗವಿಲ್ಲವೆಂದು ಏರನ್ನು ಕಡಿದುಮಾಡಿದರೆ ಎಂಜಿನ್ ಚಕ್ರ ಜಾರಿಸುತ್ತ ನಡುದಾರಿಯಲ್ಲಿ ನಿಂತುಬಿಡುತ್ತದೆ. ತೂಕದ ಲೆಕ್ಕ ಉದ್ದದ ಲೆಕ್ಕದಂತಲ್ಲ. ಉದ್ದ, ಅಗಲ, ಎತ್ತರ ಮೂರೂ 87ರಿಂದ ಕುಗ್ಗುವುದರಿಂದ, 112 ಟನ್ನಿನ ಡೀಸೆಲ್ ಎಂಜಿನ್ ಲೆಕ್ಕದ ಪ್ರಕಾರ ಕೇವಲ 170 ಗ್ರಾಮಿನಷ್ಟಾಗಬೇಕು. ಅಷ್ಟು ಹಗುರವಾದ ಎಂಜಿನಿಗೆ ಹಿಡಿತ ಸಾಲದೆಂದು ಒಳಗೆ ಸೀಸದ ತುಂಡುಗಳನ್ನಿಡುವುದುಂಟು. ವೇಗದಲ್ಲಿ ಹೊಸಬರು ಎಡವುತ್ತಾರೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಮೇಜಿನ ಮೇಲೆ ಸೆಕೆಂಡಿಗೆ 19 ಸೆಂಟಿಮೀಟರ್ ಮಾತ್ರ. ಮಕ್ಕಳು ಓಡಿಸುವ ರೈಲು ಇದರ ಹಲವು ಪಟ್ಟು ವೇಗದಲ್ಲಿ ಹಾರಿ ಮಗುಚಿಬೀಳುತ್ತದೆ.

ರೈಲಿಗೆ ಚಾಲನೆ ಕೊಡುವುದು ವಿದ್ಯುತ್ತು. ಸಾಮಾನ್ಯವಾಗಿ 12 ವೋಲ್ಟಿನವರೆಗಿನ ನೇರ ವಿದ್ಯುತ್ತನ್ನು ಎರಡು ಹಳಿಗಳಿಗೆ ಹಾಯಿಸುತ್ತಾರೆ. ಒಂದು ಹಳಿ ಧನ, ಇನ್ನೊಂದು ಋಣ. ಧ್ರುವಗಳನ್ನು ಅದಲುಬದಲು ಮಾಡಿದರೆ ಎಂಜಿನ್ ಹಿಂದಕ್ಕೆ ಓಡುತ್ತದೆ. ಇಲ್ಲಿ ಸ್ವಾರಸ್ಯವಾದ ಒಂದು ಬಲೆಯಿದೆ. ಹಳಿಯನ್ನು ಕುಣಿಕೆಯಂತೆ ಸುತ್ತಿಸಿ ಮತ್ತೆ ಅದೇ ದಾರಿಗೆ ತಂದು ಕೂಡಿಸಿದರೆ ಎಡಹಳಿ ಬಲಹಳಿಯನ್ನು ಮುಟ್ಟುತ್ತದೆ. ವಿದ್ಯುತ್ತು ಅಡ್ಡದಾರಿ ಹಿಡಿದು ಇಡೀ ಲೇಔಟು ಸ್ತಬ್ಧವಾಗುತ್ತದೆ. ಕುಣಿಕೆಯ ಎರಡೂ ತುದಿಗಳಲ್ಲಿ ಹಳಿಯನ್ನು ಕತ್ತರಿಸಿ ವಿದ್ಯುತ್ತು ಹಾಯದಂತೆ ಸಂದುಬಿಟ್ಟು, ಆ ಭಾಗಕ್ಕೆ ಬೇರೆ ಸ್ವಿಚ್ಚು ಇಡುವುದು ಇದಕ್ಕೆ ಪರಿಹಾರ. 1990ರ ದಶಕದಿಂದ ಹಳಿಯಲ್ಲಿಯೇ ವಿದ್ಯುತ್ತಿನ ಜೊತೆಗೆ ಅಂಕೀಯ ಸಂದೇಶವನ್ನೂ ಕಳಿಸುವ ಕ್ರಮ ಬಳಕೆಗೆ ಬಂದಿದೆ. ಪ್ರತಿ ಎಂಜಿನ್ನಿನ ಒಳಗೂ ಒಂದು ಕಿರುಯಂತ್ರವಿದ್ದು, ತನ್ನ ಸಂಖ್ಯೆ ಕರೆದಾಗ ಮಾತ್ರ ಅದು ಓಗೊಡುತ್ತದೆ. ಆದರೆ ಯಾವ ಹೊಸ ಕ್ರಮವೂ ಧೂಳನ್ನು ಗೆದ್ದಿಲ್ಲ. ಹಳಿ ಒರೆಸುವ ಬಟ್ಟೆ ಇಲ್ಲದ ಹವ್ಯಾಸಿಯ ಮನೆಯಿಲ್ಲ.

ಹಳಿ ಓಡತೊಡಗಿದ ಮೇಲೆ ನೆಲದ ಕೆಲಸ. ಜರಡಿಹಿಡಿದ ಕಲ್ಲಿನ ನುಸಿಯನ್ನು ಸ್ಲೀಪರುಗಳ ನಡುವೆ ಸುರಿದು, ನೀರು ಬೆರೆಸಿದ ಅಂಟಿಗೆ ಒಂದು ಹನಿ ಸೋಪಿನ ದ್ರವ ಸೇರಿಸಿ ಮೆಲ್ಲನೆ ತೊಟ್ಟಿಕ್ಕಿಸಿದರೆ, ಒಣಗಿದ ಬಳಿಕ ಅದು ಜಲ್ಲಿಯಾಗಿ ನಿಲ್ಲುತ್ತದೆ. ಸೋಪಿಲ್ಲದಿದ್ದರೆ ಅಂಟು ಮುತ್ತಿನಂತೆ ಮೇಲೆಯೇ ಉರುಳುತ್ತದೆ. ಭೀಮೆಯ ಬಯಲಿಗೆ ಎರೆಮಣ್ಣೇ ಬೇಕು. ಅದನ್ನು ಅಲ್ಲಿಂದಲೇ ತಂದು ಸೋಸಿ ಚಿಮುಕಿಸಬಹುದು. ಶಹಾಬಾದ ಕಲ್ಲಿನ ಚಪ್ಪಡಿಗಳನ್ನು ಬೂದುಬಣ್ಣದ ದಪ್ಪ ಕಾಗದದಲ್ಲಿ ಕತ್ತರಿಸಬಹುದು. ಜೋಳದ ಹೊಲಕ್ಕೆ ಕುಂಚದ ಕೂದಲು ಒದಗುತ್ತದೆ.

ಎಲ್ಲವೂ ಹೊಸದಾಗಿ ಹೊಳೆಯುತ್ತಿದ್ದರೆ ಅದು ಮತ್ತೆ ಆಟಿಕೆಯೇ. ಬಂಡಿಗೆ ತುಕ್ಕು, ಮಸಿ, ಧೂಳುಗಳ ಬಣ್ಣ ಹಚ್ಚಿ ಅದು ದುಡಿದು ದಣಿದಂತೆ ಕಾಣಿಸುವ ಕಲೆಗೆ ಹೆಸರಾದವನು ಅಮೆರಿಕದ ಜಾನ್ ಅಲೆನ್. ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿದ್ದ ತನ್ನ ಮನೆಯಲ್ಲಿ ಅವನು ನೆಲದಿಂದ ಮಾಡಿನವರೆಗೆ ಬೆಟ್ಟಗಳನ್ನೆಬ್ಬಿಸಿ ವರ್ಷಾನುಗಟ್ಟಲೆ ಒಂದೇ ಲೇಔಟನ್ನು ಕಟ್ಟಿದ. 1973ರ ಜನವರಿಯಲ್ಲಿ ಅವನು ತೀರಿಕೊಂಡ. ಕೆಲವೇ ದಿನಗಳಲ್ಲಿ ಆ ಮನೆಗೆ ಬೆಂಕಿ ತಗುಲಿ ಲೇಔಟು ನಾಶವಾಯಿತು. ಅವನ ಛಾಯಾಚಿತ್ರಗಳು ಉಳಿದಿವೆ. ಇಂದಿಗೂ ಹವ್ಯಾಸಿಗಳು ಅವನ್ನು ನೋಡಿ ಕಲಿಯುತ್ತಾರೆ.

ಒಬ್ಬರ ಹವ್ಯಾಸ ಊರವರ ಸೊತ್ತಾದ ಉದಾಹರಣೆಗಳೂ ಇವೆ. ಸೊಲ್ಲಾಪುರದಿಂದ ರೈಲಿನಲ್ಲಿ ಮುಂದೆ ಪುಣೆಗೆ ಹೋದವರು ಕೊಥ್ರೂಡ್ ಬಡಾವಣೆಯಲ್ಲಿ ಜೋಶಿಯವರ ಕಿರುರೈಲು ವಸ್ತುಸಂಗ್ರಹಾಲಯವನ್ನು ಕಾಣಬಹುದು. ಭಾವೂಸಾಹೇಬ ಜೋಶಿಯವರ ಹವ್ಯಾಸದಿಂದ ಬೆಳೆದ ಅದು 1998ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಬ್ರೌನ್ ಎಂಬ ಅವಳಿ ಸೋದರರು 2001ರಲ್ಲಿ ತೆರೆದ ಪ್ರದರ್ಶನದಲ್ಲಿ ಹದಿನೈದು ಕಿಲೋಮೀಟರಿಗೂ ಹೆಚ್ಚು ಉದ್ದದ ಕಿರುಹಳಿಯಿದೆ. 2021ರಲ್ಲಿ ಅದು ಕಾಲುವೆಯನ್ನು ದಾಟಿ ಎದುರಿನ ಕಟ್ಟಡಕ್ಕೂ ಹಬ್ಬಿತು.

ಹೊಟಗಿಯನ್ನು ಕಟ್ಟುವವನಿಗೆ ಅಷ್ಟು ವಿಸ್ತಾರ ಬೇಕಿಲ್ಲ. ಅವನು ನಿರ್ಧರಿಸಬೇಕಾದದ್ದು ಒಂದು ವರ್ಷವನ್ನು. 1975 ಎಂದು ಇಟ್ಟುಕೊಂಡರೆ ಆಮೇಲೆ ಎಲ್ಲವೂ ಆ ವರ್ಷಕ್ಕೆ ಹೊಂದಬೇಕು. ಮೀಟರ್‌ಗೇಜಿನ ಕಡೆ ಉಗಿ ಎಂಜಿನ್ನು, ಕಡುಗೆಂಪು ಡಬ್ಬಿಗಳು. ನೆತ್ತಿಯ ಮೇಲೆ ಎಲ್ಲಿಯೂ ವಿದ್ಯುತ್ ತಂತಿ ಇರಕೂಡದು, ಏಕೆಂದರೆ ಅದು ಬಂದದ್ದು ತೀರ ಈಚೆಗೆ. ಎರಡು ಗೇಜುಗಳ ನಡುವಣ ಕಟ್ಟೆಯ ಎತ್ತರವೆಷ್ಟು, ನೀರಿನ ಕಂಬ ಯಾವ ತುದಿಯಲ್ಲಿತ್ತು, ದೀಪ ಎಂಥದು — ಇವಾವುವೂ ಅಂಗಡಿಯ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಹಳೆಯ ಚಿತ್ರಗಳನ್ನು ಹುಡುಕಬೇಕು, ಉಳಿದ ಕಟ್ಟಡಗಳನ್ನು ಅಳೆಯಬೇಕು, ಆ ದಾರಿಯಲ್ಲಿ ದುಡಿದು ನಿವೃತ್ತರಾದ ಗ್ಯಾಂಗ್‌ಮನ್ನರನ್ನೂ ಪಾಯಿಂಟ್ಸ್‌ಮನ್ನರನ್ನೂ ಅವರಿರುವಾಗಲೇ ಕೇಳಬೇಕು. ಅಂಥ ಹಿರಿಯರೊಬ್ಬರು ಮುಗಿದ ಲೇಔಟಿನ ಮುಂದೆ ನಿಂತು, ಸಿಗ್ನಲ್ ಕಂಬ ಇತ್ತಲ್ಲ, ಅದು ಹಳಿಯ ಆಚೆ ಬದಿಗಿತ್ತು ಎಂದರೆ ಹವ್ಯಾಸಿ ಬೇಸರಪಡುವುದಿಲ್ಲ. ಮುಂದಿನ ಭಾನುವಾರ ಅಂಟು ಕೆರೆದು ಕಂಬ ಕೀಳುತ್ತಾನೆ.