ಕಂಬ ಬದಲಿಸಿದರೆ ತೊಲೆ ನಿಂತೀತೆ?

ಹಳೆಯ ಮನೆಯ ಕಂಬವೊಂದನ್ನು ಬದಲಿಸಬೇಕಾದಾಗ ಅನುಭವಿಯಾದ ಬಡಗಿಯು ಮೊದಲು ತಲೆಯೆತ್ತಿ ತೊಲೆಯನ್ನು ನೋಡುತ್ತಾನೆ. ಆ ಕಂಬವು ಹೊತ್ತಿರುವ ಭಾರವೆಷ್ಟು ಎಂಬುದೇ ಅವನ ಪ್ರಶ್ನೆ. ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಬರೆಯುವವರು ಇಂದು ವಿರಳ. ಪದೇ ಪದೇ ಬೇಕಾಗುವ ಕೆಲಸಗಳಿಗೆ ಇತರರು ಬರೆದಿಟ್ಟ ಸಿದ್ಧ ಭಾಗಗಳನ್ನು ಬಳಸುತ್ತಾರೆ. ಇಂತಹ ಸಂಗ್ರಹಕ್ಕೆ ಲೈಬ್ರರಿ ಎಂದು ಹೆಸರು. ಪೈಥಾನ್ ಭಾಷೆಯಲ್ಲಿ ಸಂಖ್ಯೆಗಳ ಸಾಲುಗಳನ್ನು ಲೆಕ್ಕಹಾಕಲು ನಂಪೈ ಎಂಬ ಲೈಬ್ರರಿಯಿದೆ. ೨೦೧೯ರಲ್ಲಿ ಪ್ರಕಟವಾದ ಕಪ್ಪುಕುಳಿಯ ಮೊದಲ ಚಿತ್ರವನ್ನು ರೂಪಿಸುವುದರಲ್ಲಿಯೂ ಅದು ನೆರವಾಯಿತು. ಸೈಪೈ, ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್ ಮೊದಲಾದ ಲೈಬ್ರರಿಗಳು ಇದರ ಮೇಲೆಯೇ ನಿಂತಿವೆ.

ನಂಪೈ ಲೈಬ್ರರಿಯ ೧.೦ ಆವೃತ್ತಿ ಹೊರಬಂದುದು ೨೦೦೬ರಲ್ಲಿ, ೨.೦ ಆವೃತ್ತಿ ೨೦೨೪ರ ಜೂನ್ ತಿಂಗಳಲ್ಲಿ. ಈ ಹೊಸ ಆವೃತ್ತಿಯು ಇತರ ಲೈಬ್ರರಿಗಳೊಡನೆ ಕೂಡಿಕೊಳ್ಳುವ ಒಳಗಿನ ರೀತಿ ಬದಲಾಗಿತ್ತು. ಆದುದರಿಂದ ಹಳೆಯ ನಂಪೈಗೆ ಹೊಂದುವಂತೆ ಯಂತ್ರಭಾಷೆಗೆ ಇಳಿಸಿದ್ದ ಲೈಬ್ರರಿಗಳನ್ನು ಮತ್ತೊಮ್ಮೆ ಸಿದ್ಧಪಡಿಸಬೇಕಾಯಿತು. ಮೇಲಿನವುಗಳನ್ನು ಹಾಗೆಯೇ ಬಿಟ್ಟು ನಂಪೈ ಒಂದನ್ನೇ ಬದಲಿಸಿದರೆ ಪ್ರೋಗ್ರಾಮ್ ನಿಂತುಹೋಗಬಹುದು.

ನಿಂತುಹೋದರೆ ದೋಷವಿದೆಯೆಂದಾದರೂ ತಿಳಿಯುತ್ತದೆ. ಸದ್ದಿಲ್ಲದ ಬದಲಾವಣೆ ಇದಕ್ಕಿಂತ ಅಪಾಯಕರವಾದುದು. ೩೨ ಬಿಟ್‌ಗಳ ಒಂಟಿ ಸಂಖ್ಯೆಯೊಂದಕ್ಕೆ ಪೈಥಾನ್‌ನ ಸಾಮಾನ್ಯ ದಶಮಾಂಶ ಸಂಖ್ಯೆಯನ್ನು ಕೂಡಿಸಿದಾಗ ಹಿಂದಿನ ನಂಪೈ ೬೪ ಬಿಟ್‌ಗಳ ಉತ್ತರವನ್ನು ಕೊಡುತ್ತಿತ್ತು. ಹೊಸದು ೩೨ ಬಿಟ್‌ಗಳ ಉತ್ತರವನ್ನೇ ಕೊಡುತ್ತದೆ. ಮೊದಲನೆಯದರಲ್ಲಿ ಸುಮಾರು ೧೬ ಅಂಕಿಗಳ ನಿಖರತೆ, ಎರಡನೆಯದರಲ್ಲಿ ಸುಮಾರು ೭. ಗ್ರಹವೊಂದರ ಪಥವನ್ನು ಸಾವಿರಾರು ಹೆಜ್ಜೆಗಳಲ್ಲಿ ಲೆಕ್ಕಹಾಕುವಾಗ ಇಂತಹ ಅಲ್ಪ ದೋಷಗಳು ಕೂಡಿಕೊಂಡು ಬೆಳೆಯಬಹುದಲ್ಲವೆ?

ಇನ್ನೊಂದು ತೊಡಕೂ ಉಂಟು. ಒಂದು ಲೈಬ್ರರಿಯು ಹೊಸ ನಂಪೈಯನ್ನೂ ಮತ್ತೊಂದು ಹಳೆಯದನ್ನೂ ಬಯಸಿದರೆ ಎರಡನ್ನೂ ಒಟ್ಟಿಗೆ ತೃಪ್ತಿಪಡಿಸುವುದು ಹೇಗೆ? ನಮ್ಮಲ್ಲಿ ೨೦ ಲೈಬ್ರರಿಗಳಿದ್ದು ಒಂದೊಂದಕ್ಕೂ ೫ ಆವೃತ್ತಿಗಳಿವೆಯೆಂದು ಭಾವಿಸೋಣ. ಆಗ ಸಾಧ್ಯವಿರುವ ಜೋಡಣೆಗಳು ೫ರ ೨೦ನೆಯ ಘಾತ, ಎಂದರೆ ಸುಮಾರು ೯೫ ಲಕ್ಷ ಕೋಟಿ! ಸೆಕೆಂಡಿಗೆ ಒಂದರಂತೆ ಪರೀಕ್ಷಿಸಿದರೂ ೩೦ ಲಕ್ಷ ವರ್ಷಗಳು ಬೇಕು. ಹೊಂದದ ಜೋಡಣೆಗಳನ್ನು ಗುಂಪುಗುಂಪಾಗಿ ತಳ್ಳಿಹಾಕುವ ಜಾಣ ಪ್ರೋಗ್ರಾಮ್‌ಗಳಿವೆ. ಆದರೆ ಎಲ್ಲ ಸಂದರ್ಭಗಳಲ್ಲಿಯೂ ಶೀಘ್ರವಾಗಿ ಉತ್ತರ ಕೊಡುವ ವಿಧಾನವು ಇನ್ನೂ ಯಾರಿಗೂ ದೊರೆತಿಲ್ಲ.

ಹಾಗಾದರೆ ಹಳೆಯದನ್ನೇ ಇಟ್ಟುಕೊಂಡರೆ ಸಾಲದೆ? ಸಾಲದು. ಜಾವಾ ಭಾಷೆಯ ಲಾಗ್‌ಫೋರ್‌ಜೆ ಎಂಬುದು ಪ್ರೋಗ್ರಾಮಿನ ನಡೆಯನ್ನು ದಾಖಲಿಸುವ ಸಾಧಾರಣ ಲೈಬ್ರರಿ. ಅದರಲ್ಲಿ ಅಡಗಿದ್ದ ದೋಷವೊಂದು ೨೦೨೧ರ ಡಿಸೆಂಬರಿನಲ್ಲಿ ಬಹಿರಂಗವಾಯಿತು. ವಿಶೇಷವಾಗಿ ರಚಿಸಿದ ಒಂದು ಸಾಲನ್ನು ಕಳುಹಿಸಿ ಪರರ ಕಂಪ್ಯೂಟರಿನಲ್ಲಿ ತಮಗೆ ಬೇಕಾದ ಆಜ್ಞೆಗಳನ್ನು ನಡೆಸಲು ದುಷ್ಟರಿಗೆ ಅದು ದಾರಿಮಾಡಿತ್ತು. ಬೇರೆ ಲೈಬ್ರರಿಗಳ ಒಳಗೆ ಅದು ಸೇರಿಕೊಂಡಿದ್ದುದರಿಂದ, ತಾವು ಅದನ್ನು ಬಳಸುತ್ತಿರುವುದೇ ಅನೇಕರಿಗೆ ತಿಳಿದಿರಲಿಲ್ಲ.

ಆದುದರಿಂದ ಬದಲಾವಣೆಯನ್ನು ಕ್ರಮದಿಂದ ಮಾಡಬೇಕು. ಈಗ ಕೆಲಸಮಾಡುತ್ತಿರುವ ಎಲ್ಲ ಲೈಬ್ರರಿಗಳ ಆವೃತ್ತಿಗಳನ್ನೂ ಬರೆದಿಡುವುದು ಮೊದಲ ಹೆಜ್ಜೆ. ಕೆಟ್ಟರೆ ಹಿಂದಿರುಗಲು ಅದೇ ದಾರಿ. ಬಳಿಕ, ತಿಳಿದ ಉತ್ತರಗಳುಳ್ಳ ಲೆಕ್ಕಗಳನ್ನು ಪರೀಕ್ಷೆಗಾಗಿ ಸಿದ್ಧಪಡಿಸಬೇಕು. ಒಂದನ್ನೊಂದು ಅವಲಂಬಿಸಿದವುಗಳನ್ನು ಒಟ್ಟಾಗಿಯೂ ಉಳಿದವುಗಳನ್ನು ಒಂದೊಂದಾಗಿಯೂ ಬದಲಿಸಿ, ಪ್ರತಿ ಸಲವೂ ಆ ಲೆಕ್ಕಗಳನ್ನು ಮತ್ತೆ ಮಾಡಿ ನೋಡಬೇಕು. ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದೇ ಪರಿಮಾಣವನ್ನು ಬದಲಿಸಿರೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದೂ ಇದೇ ಕಾರಣದಿಂದ: ಫಲ ಬೇರೆಯಾದಾಗ ಕಾರಣವನ್ನು ಎಲ್ಲಿ ಹುಡುಕಬೇಕೆಂಬುದು ಆಗ ಸ್ಪಷ್ಟವಾಗಿರುತ್ತದೆ.