ಫ್ರಿಕ್ಷನ್ ಸ್ಟರ್ ವೆಲ್ಡಿಂಗ್: ವಾರಂಟಿ ಬರೆದುಕೊಡುವ ಮುನ್ನ

ಅಲ್ಯೂಮಿನಿಯಂ ಬಿಡಿಭಾಗಗಳ ತಯಾರಕರು ಫ್ರಿಕ್ಷನ್ ಸ್ಟರ್ ವೆಲ್ಡಿಂಗ್ ಯಂತ್ರದ ಖರೀದಿಗಾಗಿ ಸಿದ್ಧಪಡಿಸುವ ಯೋಜನಾ ವರದಿಗಳಲ್ಲಿ ಉಳಿತಾಯದ ಬಾಬುಗಳು ಎದ್ದು ಕಾಣುತ್ತವೆ. ಫಿಲ್ಲರ್ ತಂತಿ ಬೇಡ, ಸಾಮಾನ್ಯವಾಗಿ ರಕ್ಷಕ ಅನಿಲವೂ ಬೇಡ. ಇಂಗ್ಲೆಂಡಿನ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್ 1991ರಲ್ಲಿ ಅರ್ಜಿ ಸಲ್ಲಿಸಿ ಪಡೆದ ಮೂಲ ಪೇಟೆಂಟಿನ ಅವಧಿಯೂ ಮುಗಿದಿದೆ. ಇವೆಲ್ಲವೂ ನಿಜವೇ. ಆದರೆ ಬೆಸುಗೆಯ ಪಕ್ಕದ ಲೋಹ ವಾರಂಟಿ ಅವಧಿಯಲ್ಲಿಯೇ ಕ್ಷಯಿಸಿದರೆ ತಗಲುವ ವೆಚ್ಚಕ್ಕೆ ಇಂತಹ ವರದಿಗಳಲ್ಲಿ ಒಂದು ಸಾಲೂ ಇರುವುದು ಅಪರೂಪ.

ಈ ವಿಧಾನದಲ್ಲಿ ಲೋಹ ಕರಗುವುದಿಲ್ಲ. ವೇಗವಾಗಿ ತಿರುಗುವ ಉಪಕರಣದ ಮೊಳೆಯಂತಹ ತುದಿಯನ್ನು ಎರಡು ಹಲಗೆಗಳು ಕೂಡುವೆಡೆಯಲ್ಲಿ ಇಳಿಸಿ ಮುಂದಕ್ಕೆ ಸಾಗಿಸಲಾಗುತ್ತದೆ. ಘರ್ಷಣೆಯಿಂದ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಮೆತ್ತಗಾದ ಲೋಹವು ಹಿಟ್ಟು ಕಲಸಿದಂತೆ ಕಲಸಿಕೊಂಡು ಒಂದಾಗುತ್ತದೆ. ಕರಗಿಸಿ ಬೆಸೆದರೆ ಬಿರುಕು ಬಿಡುವ 2024, 7075ರಂತಹ ಮಿಶ್ರಲೋಹಗಳನ್ನೂ ಹೀಗೆ ಬೆಸೆಯಬಹುದಾದ್ದರಿಂದಲೇ ವಿಮಾನ ಹಾಗೂ ರಾಕೆಟ್ ಉದ್ಯಮಗಳು ಇದನ್ನು ಸ್ವಾಗತಿಸಿದವು.

ಕಲಸಿದ ನಡುಭಾಗದ ಹರಳುಗಳು ಬಹಳ ಸಣ್ಣವಾಗಿ, ಒತ್ತಾಗಿರುತ್ತವೆ. ಅದರ ಇಕ್ಕೆಲಗಳಲ್ಲಿ, ಉಪಕರಣ ಕಲಸದೆ ಕೇವಲ ಬಿಸಿ ಮುಟ್ಟಿಸಿದ ಕೆಲವು ಮಿಲಿಮೀಟರ್ ಅಗಲದ ಪಟ್ಟಿಯೊಂದು ಉಳಿಯುತ್ತದೆ. ತಾಮ್ರ ಬೆರೆತ 2024 ಮಿಶ್ರಲೋಹದ ಬಲವಿರುವುದು ಅದರೊಳಗೆ ಹರಡಿರುವ ಅತಿಸೂಕ್ಷ್ಮ ಕಣಗಳಲ್ಲಿ. ಬಿಸಿಗೆ ಸಿಕ್ಕಿದ ಪಟ್ಟಿಯಲ್ಲಿ ಈ ಕಣಗಳು ದಪ್ಪವಾಗುತ್ತವೆ. ಹರಳುಗಳ ಅಂಚಿನಲ್ಲಿ ತಾಮ್ರ ಹೆಚ್ಚಿರುವ ಕಣಗಳು ಕಟ್ಟಿಕೊಳ್ಳುತ್ತವೆ. ಅವು ಸುತ್ತಲಿನ ತಾಮ್ರವನ್ನು ಸೆಳೆದುಕೊಂಡ ಕಾರಣ ಅಂಚಿಗೆ ಹೊಂದಿದ ತೆಳುವಾದ ಪದರದಲ್ಲಿ ತಾಮ್ರ ಕಡಿಮೆಯಾಗುತ್ತದೆ. ಉಪ್ಪಿನ ತೇವ ತಗುಲಿದೊಡನೆ ಬ್ಯಾಟರಿಯಲ್ಲಿ ನಡೆಯುವಂತಹ ಕ್ರಿಯೆ ಆರಂಭವಾಗಿ, ಆ ಬಡ ಪದರವೇ ಮೊದಲು ಕರಗಿಹೋಗುತ್ತದೆ. ಪದರ ಕಿರಿದು, ಸುತ್ತಲಿನ ಲೋಹ ವಿಶಾಲ. ಆದ್ದರಿಂದ ಕ್ಷಯವು ಹರಳುಗಳ ಸಂದಿಗುಂಟ ಬೇಗನೆ ಆಳಕ್ಕಿಳಿಯುತ್ತದೆ. ಕಬ್ಬಿಣದ ತುಕ್ಕಿನಂತೆ ಇದು ಕೆಂಪಾಗಿ ಎದ್ದು ಕಾಣುವುದಿಲ್ಲ.

ಉಪಕರಣದ ವೇಗ ಬದಲಾದರೆ ಈ ದುರ್ಬಲ ಸ್ಥಾನವೂ ಬದಲಾಗುತ್ತದೆಂಬುದು ಗಮನಾರ್ಹ. 2024ರಲ್ಲಿ ಕಡಿಮೆ ವೇಗದ ಬೆಸುಗೆಯ ನಡುಭಾಗವೇ ಕ್ಷಯಿಸಿದ್ದು, ಹೆಚ್ಚಿನ ವೇಗದಲ್ಲಿ ಪಕ್ಕದ ಪಟ್ಟಿ ಕ್ಷಯಿಸಿದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ. ಉತ್ಪಾದನೆ ಹೆಚ್ಚಿಸಲು ವೇಗ ಬದಲಿಸಿದ ಘಟಕಕ್ಕೆ ಹಳೆಯ ಪರೀಕ್ಷಾ ವರದಿಯನ್ನೇ ನೆಚ್ಚಿಕೊಳ್ಳಲಾಗದು. 6061ರಲ್ಲಿ ಈ ತೊಂದರೆ ಅಷ್ಟು ತೀವ್ರವಲ್ಲ.

ಎಳೆದು ನೋಡುವ, ಬಾಗಿಸಿ ನೋಡುವ ಪರೀಕ್ಷೆಗಳಲ್ಲಿ ಹೊಸ ಬೆಸುಗೆ ತೇರ್ಗಡೆಯಾಗುತ್ತದೆ. ಮುಂದಿನ ಕ್ಷಯದ ಸುಳಿವು ಅಲ್ಲಿ ದೊರೆಯದು. ಆದ್ದರಿಂದ ಖರೀದಿ ಆದೇಶದಲ್ಲಿಯೇ ಉಪ್ಪುನೀರು ಸಿಂಪಡಣೆಯ ಎಎಸ್‌ಟಿಎಂ ಬಿ 117, ಹರಳಂಚಿನ ಕ್ಷಯವನ್ನು ಅಳೆಯುವ ಎಎಸ್‌ಟಿಎಂ ಜಿ 110 ಇವುಗಳಲ್ಲಿ ಯಾವುದು, ಎಷ್ಟು ಗಂಟೆ, ಎಷ್ಟು ಆಳದವರೆಗೆ ಒಪ್ಪಿಗೆ ಎಂಬುದನ್ನು ನಮೂದಿಸತಕ್ಕದ್ದು. ಬೆಸುಗೆಯ ನಂತರದ ಶಾಖೋಪಚಾರ, ಲೇಪನ, ಬೆಸೆಯುವಾಗಲೇ ನೀರಿನಿಂದ ತಂಪುಗೊಳಿಸುವುದು ಮುಂತಾದ ಉಪಾಯಗಳುಂಟು. ಇವುಗಳ ವೆಚ್ಚವನ್ನು ದರಪಟ್ಟಿಯಲ್ಲಿ ಸೇರಿಸಿಕೊಳ್ಳದಿದ್ದರೆ ಆರಂಭದಲ್ಲಿ ಹೇಳಿದ ಉಳಿತಾಯ ಬಹುಪಾಲು ಕಾಗದದ ಮೇಲಿನದೇ.

ಲೆಕ್ಕಪರಿಶೋಧಕನಿಗೆ ಲೋಹದ ಹರಳುಗಳ ಉಸಾಬರಿ ಏಕೆಂದು ಓದುಗರು ಕೇಳಬಹುದು. ಲೆಕ್ಕಪತ್ರ ಮಾನದಂಡ 29ರ ಪ್ರಕಾರ ವಾರಂಟಿಗಾಗಿ ಹಣ ಕಾದಿರಿಸಬೇಕಾದರೆ ಹೊಣೆಯ ಮೊತ್ತವನ್ನು ವಿಶ್ವಾಸಾರ್ಹವಾಗಿ ಅಂದಾಜು ಮಾಡಲು ಸಾಧ್ಯವಿರಬೇಕು. ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಮೊತ್ತವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಸಮ್ಮತಿಸಿದ್ದು, ಹಿಂದಿನ ವರ್ಷಗಳ ಅನುಭವದ ಆಧಾರವಿದ್ದುದರಿಂದ. ಹೊಸದಾಗಿ ಈ ವಿಧಾನಕ್ಕೆ ಕಾಲಿಟ್ಟ ಘಟಕದ ಬಳಿ ಆ ಅನುಭವವಿರುವುದಿಲ್ಲ. ಮೊದಲ ಸರಕಿನಿಂದಲೇ ಮಿಶ್ರಲೋಹದ ಸಂಖ್ಯೆ, ಉಪಕರಣದ ವೇಗ, ಪರೀಕ್ಷೆಯ ಫಲಿತಾಂಶ ಹಾಗೂ ಹಿಂತಿರುಗಿ ಬಂದ ಭಾಗಗಳ ವಿವರವನ್ನು ಒಂದೇ ವಹಿಯಲ್ಲಿ ಬರೆದಿಟ್ಟರೆ, ಎರಡು ಮೂರು ವರ್ಷಗಳ ತರುವಾಯ ತೆರಿಗೆ ಅಧಿಕಾರಿಯ ಮುಂದಿಡಲು ಆಧಾರವೊಂದು ಸಿದ್ಧವಿರುತ್ತದೆ.