ಕರಿಯ ಕೋಟಿನ ಕಿಸೆ

ವಕೀಲರೆಂದರೆ ಹಣದ ಹೊಳೆಯಲ್ಲಿ ಮೀಯುವವರೆಂಬ ಭಾವನೆ ನಮ್ಮ ಹೊಟೇಲು ಬಂಧುಗಳಲ್ಲಿಯೂ ಗುಮಾಸ್ತ ಮಿತ್ರರಲ್ಲಿಯೂ ಬಲವಾಗಿ ಬೇರೂರಿದೆ. ಹಲವು ವರ್ಷ ಗಲ್ಲಾದಲ್ಲಿ ಕುಳಿತ ನಮಗೆ ಕಂಡುದು ಬೇರೆ. ಫೋರ್ಟಿನ ನಮ್ಮ ಹೊಟೇಲಿಗೆ ಬರುತ್ತಿದ್ದ ಕಿರಿಯ ವಕೀಲರಿಬ್ಬರು ಒಂದು ದೋಸೆಯನ್ನು ಹಂಚಿಕೊಂಡು, ಒಂದು ಕಾಫಿಯನ್ನು ಎರಡು ಲೋಟಗಳಿಗೆ ಹೊಯ್ದುಕೊಂಡು, ತಿಂಗಳ ಕೊನೆಗೆ ಅದನ್ನೂ ಉದ್ರಿ ಬರೆಸುತ್ತಿದ್ದರು. ಅವರಿಗೆ ಬಡಿಸುತ್ತಿದ್ದ ಮಾಣಿಯ ಗಳಿಕೆಯೇ ಮೇಲಾಗಿತ್ತು. ಅವನಿಗೆ ಊಟ, ವಸತಿ ಬೇರೆ!

ಸನ್ನದು ಪಡೆದ ಮಾತ್ರಕ್ಕೆ ಸಂಬಳ ಬರುವುದಿಲ್ಲ. ಹಿರಿಯರ ಕಚೇರಿಯಲ್ಲಿ ಅವರು ಕೊಟ್ಟಷ್ಟೇ ಬಂತು. ಪಟ್ಟಣದ ಕಿರಿಯ ವಕೀಲರಿಗೆ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿಯಾದರೂ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿತು. ಶಿಫಾರಸಿನಿಂದ ಹೊಟ್ಟೆ ತುಂಬೀತೇ? ವಕೀಲನು ಜಾಹೀರಾತು ಕೊಡುವಂತಿಲ್ಲ, ಪೂರ್ಣಾವಧಿಯ ಸಂಬಳದ ನೌಕರಿ ಹಿಡಿಯುವಂತಿಲ್ಲ. ಬೋರ್ಡಿನ ಆಕರ್ಷಣೆಯಿಲ್ಲದ ಹೊಟೇಲಿನಂತೆ, ಬಾಯಿಂದ ಬಾಯಿಗೆ ಹರಡಿದ ಹೆಸರೇ ಅವನ ಬಂಡವಾಳ. ಆ ಹೆಸರು ಕಟ್ಟಲು ಹತ್ತು ವರ್ಷ ಹಿಡಿದರೂ ಹಿಡಿಯಿತು. ಆದುದರಿಂದಲೇ ವಕೀಲರ ಮಕ್ಕಳಿಗೆ ದಾರಿ ಸುಗಮ, ಊರಿಂದ ಪೆಟ್ಟಿಗೆ ಹಿಡಿದು ಬಂದವನಿಗೆ ದುರ್ಗಮ. ಹೈಕೋರ್ಟಿನ ದರವೇ ಬೇರೆ, ತಾಲೂಕು ಕೋರ್ಟಿನದೇ ಬೇರೆ. ಮುಂಬಯಿ ಹೈಕೋರ್ಟಿನ ಬ್ಯಾರಿಸ್ಟರರು ಹಿಂದೆ ಫೀಯನ್ನು ಚಿನ್ನದ ಮೊಹರಿನಲ್ಲಿ ಎಣಿಸುತ್ತಿದ್ದರು. ಒಂದು ಮೊಹರಿಗೆ 15 ರೂಪಾಯಿ.

ಇದೆಲ್ಲವೂ ವಕೀಲರ ಕಷ್ಟ. ಕಕ್ಷಿದಾರನ ಕಷ್ಟವೂ ಉಂಟು. ನಮ್ಮಲ್ಲಿದ್ದ ಹುಡುಗನೊಬ್ಬನು ಲಾರಿ ಬಡಿದು ಕಾಲು ಮುರಿದುಕೊಂಡನು. ಪರಿಹಾರ ಬಂದಾಗ ಮೂರರಲ್ಲೊಂದು ಪಾಲು ವಕೀಲರ ಕೈಸೇರಿತು. ಹಾಗೆಂದು ಮೊದಲೇ ರುಜು ಹಾಕಿಸಿಕೊಂಡಿದ್ದರಂತೆ. ಪರಿಹಾರದ ಮೊತ್ತದಲ್ಲಿ ಶೇಕಡಾವಾರು ಪಾಲು ಕೇಳುವುದು ನಿಯಮಬಾಹಿರ. ಸುಪ್ರೀಂ ಕೋರ್ಟು 2017ರಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಫೀ ಬಾಕಿಯೆಂದು ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲವೆಂದು ಅದೇ ನ್ಯಾಯಾಲಯ 2000ದಲ್ಲಿ ತೀರ್ಪಿತ್ತಿದೆ. ಫೀ ಕೊಡಲು ಶಕ್ತಿಯಿಲ್ಲದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯುಂಟು. ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಮುಂತಾದವರಿಗೆ ಆದಾಯವೆಷ್ಟೇ ಇರಲಿ, ಜಿಲ್ಲಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರೆ ವಕೀಲರ ನೆರವು ಉಚಿತ. ಉಳಿದ ಬಡವರಿಗೆ ಆದಾಯದ ಮಿತಿಯುಂಟು.

ಕಕ್ಷಿದಾರನು ಕೇಳಿದಾಗ ಅವನ ಹಣದ ಲೆಕ್ಕದ ಪ್ರತಿಯನ್ನು ವಕೀಲನು ಕೊಡಲೇಬೇಕು. ಆ ಹುಡುಗ ಕೇಳಲಿಲ್ಲ. ಕೇಳೆಂದು ಹೇಳಬೇಕಾಗಿದ್ದ ನಮಗೂ ಆಗ ಅದು ತಿಳಿದಿರಲಿಲ್ಲ.